ಗಾಯದ ಕಲೆಗೆ ಹಚ್ಚೆ

ಹುಳಿಯಾರಿನ ಕಡೆಯ ಅಜ್ಜಿಯರ ಮುಂಗೈ ಮೇಲೆ ಹಸುರು ಹಚ್ಚೆಯನ್ನು ನೀವು ನೋಡಿರಬಹುದು. ಹಚ್ಚೆ ಹುಯ್ಯುವಾಕೆಯ ಬಟ್ಟಲಿನಲ್ಲಿದ್ದ ಮಸಿ ಕಪ್ಪಾಗಿಯೇ ಇತ್ತು. ಅದು ಚರ್ಮದ ಒಳಪದರದಲ್ಲಿ ಕುಳಿತ ಮೇಲೆ, ಹೊರಚರ್ಮದ ಮೂಲಕ ನೋಡುವ ಕಣ್ಣಿಗೆ ಹಸುರಾಗಿ ಕಂಡಿತು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತೆಂಗಿನ ಸೀಮೆಯಲ್ಲಿ ಕಲೆಯಿಲ್ಲದ ಕೈ ಅಪರೂಪ. ಅಟ್ಟದಿಂದ ಇಳಿಸಿದ ಕಾಯಿಯನ್ನು ಸುಲಿಯುವಾಗ ಕಬ್ಬಿಣದ ಮೊನೆ ತಾಗುತ್ತದೆ, ಚಿಪ್ಪು ಒಡೆಯುವಾಗ ಮಚ್ಚು ಜಾರುತ್ತದೆ. ಕೈಮೇಲಿನ ಗುರುತನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಒಲೆಯ ಉರಿ ಹುಡುಗಿಯೊಬ್ಬಳ ಕೆನ್ನೆಯಲ್ಲಿ ಬಿಳಿಯ ಕಲೆ ಉಳಿಸಿಹೋಯಿತೆನ್ನಿ. ಆಮೇಲೆ ಪ್ರತಿ ಫೋಟೋದಲ್ಲೂ ಆಕೆ ಮುಖ ಓರೆ ಮಾಡಿಯೇ ನಿಲ್ಲುತ್ತಾಳೆ. ಇಂಥವರಿಗೆ ಹಚ್ಚೆಯಲ್ಲೇ ಒಂದು ಉಪಾಯವುಂಟು.

ಉಪಾಯ ಹೊಸದಲ್ಲ. 1835ರಲ್ಲಿ ಪೌಲಿ ಎಂಬ ಜರ್ಮನ್ ವೈದ್ಯರು ಹುಟ್ಟುಮಚ್ಚೆಯನ್ನು ಮರೆಮಾಡಲು ಇಂಗಲೀಕವನ್ನೂ ಸೀಸದ ಬಿಳುಪನ್ನೂ ಚುಚ್ಚಿ ನೋಡಿದರು. ಅವೆರಡೂ ವಿಷವೆಂದು ನಾವೀಗ ಬಲ್ಲೆವು. ಇಂದು ಕಬ್ಬಿಣದ ಆಕ್ಸೈಡು, ಟೈಟಾನಿಯಂ ಡೈ ಆಕ್ಸೈಡು ಮೊದಲಾದುವನ್ನು ಅಕ್ಕಪಕ್ಕದ ಚರ್ಮಕ್ಕೆ ಹೊಂದುವಂತೆ ಬೆರಸಿ, ಸಣ್ಣ ಸೂಜಿಯಿಂದ ಕಲೆಯೊಳಕ್ಕೆ ಇಳಿಸುತ್ತಾರೆ. ಅಜ್ಜಿಯ ಮಸಿಯ ಪಾಠ ಇಲ್ಲಿ ಬೇಕು: ಬಟ್ಟಲಿನಲ್ಲಿ ಕಂಡ ಬಣ್ಣವೇ ಮೈಯಲ್ಲಿ ಕಾಣುವುದಿಲ್ಲ. ಆದ್ದರಿಂದ ಬಲ್ಲವರು ಮೊದಲು ಒಂದು ಚುಕ್ಕೆಯಷ್ಟೇ ಹಾಕಿ, ಕೆಲವು ವಾರ ಕಾದು ನೋಡುತ್ತಾರೆ.

ಇದರಿಂದ ಕಲೆ ಅಳಿಯುತ್ತದೆಯೆ? ಇಲ್ಲ. ಬಣ್ಣದ ಭೇದ ಮರೆಯಾಗುತ್ತದೆ, ಉಬ್ಬುತಗ್ಗು ಹಾಗೆಯೇ ಉಳಿಯುತ್ತದೆ. ಬಿಸಿಲಿಗೆ ಸುತ್ತಲಿನ ಚರ್ಮ ಕಪ್ಪಾದರೂ ಚುಚ್ಚಿದ ಬಣ್ಣ ಕಪ್ಪಾಗದು. ಹೊಲದಲ್ಲಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ವರ್ಷಗಳು ಕಳೆದಂತೆ ಬಣ್ಣ ಮಾಸುತ್ತದೆ, ಮತ್ತೆ ಹಾಕಿಸಬೇಕಾಗುತ್ತದೆ. ಬೇಡವೆಂದು ಲೇಸರಿನಿಂದ ತೆಗೆಸಹೊರಟರೆ ಇಂಥ ಬಣ್ಣ ಕರ್ರಗಾಗುವುದೂ ಉಂಟು.

ಸಮತಟ್ಟಾಗಿ ಬೆಳ್ಳಗಾದ ಹಳೆಯ ಕಲೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಗಾಯ ಮಾಗಿ ಒಂದು ವರ್ಷವಾದರೂ ಕಳೆಯಲಿ, ಎಷ್ಟೋ ಕಲೆಗಳು ತಾವಾಗಿಯೇ ತಿಳಿಯಾಗುತ್ತವೆ. ಗಾಯವಾದೆಡೆಯಲ್ಲಿ ಗಂಟುಗಟ್ಟಿ ಬೆಳೆಯುವ ಮೈಯವರು ಸೂಜಿಯ ಗೋಜಿಗೆ ಹೋಗಬಾರದು. ಹೊಸ ಚುಚ್ಚಿಗೆ ಹೊಸ ಗಂಟು ಏಳಬಹುದು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನಕ್ಕೆ ಚುಚ್ಚುವವರ ಬಳಿಯಂತೂ ಬೇಡ. ಆ ಸೂಜಿಯಿಂದ ಹೆಪಟೈಟಿಸ್ ಕಾಮಾಲೆಯೂ ಎಚ್.ಐ.ವಿ.ಯೂ ಅಂಟಬಲ್ಲವು. ಮೊದಲು ಚರ್ಮವೈದ್ಯರಿಗೆ ತೋರಿಸಿ. ನಿಮ್ಮೆದುರಿನಲ್ಲೇ ಹೊಸ ಸೂಜಿಯ ಪೊಟ್ಟಣ ಬಿಚ್ಚಿಸಿ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಗಂಡಿನ ಕಡೆಯವರು ಮುಂದಿನ ವಾರ ಬರುತ್ತಾರೆಂದು ಅವಸರದಲ್ಲಿ ಮಾಡಿಸುವ ಕೆಲಸ ಇದಲ್ಲ. ಹುಡುಗಿ ದೊಡ್ಡವಳಾಗಿ, ಎಲ್ಲ ತಿಳಿದು, ತನಗೆ ಬೇಕೆಂದರೆ ಮಾಡಿಸಿ. ಬೇಡವೆಂದರೆ ಆ ಮಾತನ್ನು ಅಲ್ಲಿಗೇ ಬಿಡಿ.