ಕಾಯಿಲೆಯವರಿಗೆ ನಮ್ಮ ಸಂಘ ಏನು ಮಾಡಬಹುದು?

(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ಕೃಷಿಕ, ವೈದ್ಯನಲ್ಲ. ಆದರೂ ಈ ದಿನ ಸಾಲ, ಗೊಬ್ಬರದ ವಿಚಾರ ಬಿಟ್ಟು ಕಾಯಿಲೆ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ. ಒಂದು ವರ್ಷ ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರೆ ಮುಗಿಯಿತು. "ಕೊಯ್ಲು ಮುಗೀಲಿ, ಆಮೇಲೆ ಹೋಗೋಣ" ಅಂದರು. ನಾನೂ ಹೂಂ ಅಂದೆ. ಕಾಲಿನ ಸಣ್ಣ ಗಾಯ ಮಾಯಲಿಲ್ಲ. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯವರು ಚೀಟಿ ಬರೆದು ಕಳಿಸಿದರು. ಡ್ರೆಸ್ಸಿಂಗ್ ಎಲ್ಲಿ, ಪಿಂಚಣಿಗೆ ಯಾರನ್ನು ಕೇಳಬೇಕು ಎಂದು ಯಾರೂ ಹೇಳಲಿಲ್ಲ. ನಾನು ಕಚೇರಿಯಿಂದ ಕಚೇರಿಗೆ ಅಲೆದೆ.

ಸಹಕಾರಿಗಳಾದ ನಮಗೆ ಯಶಸ್ವಿನಿ ಯೋಜನೆ ಗೊತ್ತು. 2003ರಲ್ಲಿ ಜಾರಿಗೆ ಬಂತು, 2018ರಲ್ಲಿ ನಿಂತಿತು, 2022-23ರಲ್ಲಿ ಪುನಃ ಆರಂಭವಾಯಿತು. ಆಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಕಟ್ಟಿದರೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಪಡಿಸಿದರು. ಒಳ್ಳೆಯ ಯೋಜನೆಯೇ. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗೆ. ದಿನಾ ನುಂಗುವ ಮಾತ್ರೆಯನ್ನು ನೆನಪಿಸಲು ಅದರಲ್ಲಿ ಯಾರೂ ಇಲ್ಲ.

ಬೇರೆ ಸೌಲಭ್ಯಗಳೂ ಇವೆ. ಬಿ.ಪಿ., ಸಕ್ಕರೆ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಕ್ಷಯದ ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ. ವೃದ್ಧರು, ಅಂಗವಿಕಲರು ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಹಾಕಬಹುದು. ಡಯಾಲಿಸಿಸ್ ಮಡಿಕೇರಿಯಲ್ಲಿದೆ. ಎಲ್ಲವೂ ಇದೆ, ಆದರೆ ಒಂದೊಂದೂ ಒಂದೊಂದು ಕಡೆ. ನಡೆಯಲಾಗದವನು ಎಲ್ಲಿಗೆಂದು ಹೋಗಬೇಕು?

ಈ ಕೊಂಡಿ ಹಾಕುವ ಕೆಲಸ ಸಂಘದ್ದಾಗಲಿ. ನನ್ನ ಸಲಹೆ ಇಷ್ಟೇ. ಒಪ್ಪಿದವರ ಹೆಸರು ಮಾತ್ರ ಬರೆದು ಒಂದು ಪುಸ್ತಕ ಇಡೋಣ. ಕಾಯಿಲೆಯ ಗುಟ್ಟು ಹೊರಗೆ ಹೋಗಬಾರದು. ಆಶಾ ಕಾರ್ಯಕರ್ತೆಯರನ್ನು ತಿಂಗಳಿಗೊಮ್ಮೆ ಕರೆದು ಯಾರ ಮಾತ್ರೆ ಮುಗಿಯಿತು, ಯಾರ ಅರ್ಜಿ ಬಾಕಿ ಎಂದು ನೋಡೋಣ. ಮಡಿಕೇರಿಗೆ ಹೋಗುವವರನ್ನು ಒಂದೇ ಜೀಪಿನಲ್ಲಿ ಕಳಿಸೋಣ. ಆನೆ ಕಾಟದಿಂದ ಸಂಜೆ ಮೇಲೆ ತೋಟದ ದಾರಿಯಲ್ಲಿ ಒಬ್ಬರೇ ಬರುವಂತಿಲ್ಲ, ನಿಮಗೇ ಗೊತ್ತಿದೆ.

ಲೈನ್ ಮನೆಯವರು ನಮ್ಮ ಸದಸ್ಯರಲ್ಲವಲ್ಲ ಎಂದು ಕೆಲವರು ಕೇಳಬಹುದು. ನಮ್ಮ ಕಾಫಿ ಕಣಕ್ಕೆ ಬರುವುದು ಅವರ ಕೈಯಿಂದ. ಅವರ ಹೆಸರೂ ಪುಸ್ತಕದಲ್ಲಿರಲಿ.

ತಂದೆಯವರು ಕೋಲು ಹಿಡಿದು ಈ ಸಭೆಗೆ ಬಂದು ಕೂತಿದ್ದಾರೆ. ಆ ಕೊಯ್ಲಿನಲ್ಲಿ ಯಾರಾದರೂ ಒಬ್ಬರು "ಮಾತ್ರೆ ತಂದ್ರಾ?" ಅಂತ ಕೇಳಿದ್ದರೆ ಕೋಲು ಬೇಕಾಗುತ್ತಿರಲಿಲ್ಲವೇನೋ. ಇನ್ನು ಮುಂದೆ ಆ ಮಾತು ನಮ್ಮ ಸಂಘ ಕೇಳಲಿ.