ರಜೆಯಲ್ಲಿ ಬರವಣಿಗೆ, ರಜೆಯಲ್ಲಿ ವಿಶ್ರಾಂತಿ

(ದಸರಾ ರಜೆಗೆ ಮುನ್ನ ಅಡರಕಟ್ಟಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಎದುರು ಮಾಡಿದ ಭಾಷಣದ ಬರಹರೂಪ)



ರಜೆ ಹತ್ತಿರ ಬಂದಾಗ, ಕಥೆ ಕವನ ಬರೆಯುವ ಹವ್ಯಾಸವುಳ್ಳ ಮಕ್ಕಳು ಎರಡು ಬಗೆಯ ಲೆಕ್ಕ ಹಾಕುತ್ತಾರೆ. ಕೆಲವರು, ರಜೆಯಲ್ಲಿ ಹಗಲು ರಾತ್ರಿ ಕೂತು ಒಂದು ಕಾದಂಬರಿಯನ್ನೇ ಮುಗಿಸಿಬಿಡುತ್ತೇನೆ ಎನ್ನುತ್ತಾರೆ. ಇನ್ನು ಕೆಲವರು, ವರ್ಷವಿಡೀ ಬರೆದು ಬರೆದು ಕೈ ನೊಂದಿದೆ, ಇನ್ನು ಶಾಲೆ ತೆರೆಯುವವರೆಗೆ ಪೆನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಮೊದಲನೆಯವರು ಮೂರನೇ ದಿನಕ್ಕೇ ದಣಿದು ನೋಟ್‌ಬುಕ್ ಮುಚ್ಚಿಡುತ್ತಾರೆ. ಎರಡನೆಯವರ ರಜೆ ಮೊಬೈಲಿನಲ್ಲಿ ಕಳೆದುಹೋಗುತ್ತದೆ. ಶಾಲೆ ತೆರೆದಾಗ ನೋಡಿದರೆ ಇಬ್ಬರಿಗೂ ಬರವಣಿಗೆಯೂ ಇಲ್ಲ, ವಿಶ್ರಾಂತಿಯೂ ಇಲ್ಲ. ಇವೆರಡೂ ಒಂದಕ್ಕೊಂದು ವೈರಿಗಳಲ್ಲ, ಒಂದು ಇನ್ನೊಂದನ್ನು ಸಾಕುತ್ತದೆ ಎಂಬುದನ್ನು ಹೇಳುವುದಕ್ಕಾಗಿಯೇ ನಾನು ಇಂದು ನಿಮ್ಮೆದುರು ನಿಂತಿದ್ದೇನೆ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹದಿನೈದನೆಯ ಶತಮಾನದ ಕವಿ ಕುಮಾರವ್ಯಾಸ ಗದಗಿನ ವೀರನಾರಾಯಣ ಗುಡಿಯಲ್ಲಿ ಕುಳಿತು ಭಾರತ ಬರೆದನೆಂಬ ಪ್ರತೀತಿ ನಿಮಗೆಲ್ಲ ಗೊತ್ತು. ಆತ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬರೆಯಲು ಕೂರುತ್ತಿದ್ದನಂತೆ. ಮೈಮೇಲಿನ ಬಟ್ಟೆ ಆರುವವರೆಗೆ ಪದ್ಯ ಹರಿಯುತ್ತಿತ್ತು, ಆರಿದ ಮೇಲೆ ಅಂದಿನ ಬರವಣಿಗೆ ಮುಗಿಯಿತು. ಇದನ್ನು ಬರೀ ಪವಾಡವೆಂದು ಕೇಳಿ ಬಿಡಬೇಡಿ. ನಮ್ಮ ಕಡೆಯ ಬಿಸಿಲಿನಲ್ಲಿ ಒದ್ದೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ದಿನಕ್ಕೆ ಅಷ್ಟೇ ಸಮಯ ಕೊಟ್ಟು ಮಹಾಭಾರತದ ಹತ್ತು ಪರ್ವಗಳನ್ನು ಬರೆಯಬಹುದೆಂದು ನಮ್ಮ ಜನ ನಂಬಿದರು. ದಿನವೂ ಕೂರಬೇಕು, ಹೊತ್ತಾದಾಗ ಏಳಬೇಕು. ಆ ಪ್ರತೀತಿಯೊಳಗೆ ಈ ಎರಡೂ ಮಾತುಗಳಿವೆ.

ದೂರದ ದೇಶದ ಇನ್ನೊಂದು ಉದಾಹರಣೆ. ಈಜಿಪ್ಟಿನ ನಜೀಬ್ ಮಹಫೂಜ್, 1988ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದವರು, ಅರಬ್ಬಿ ಭಾಷೆಗೆ ಆ ಗೌರವ ತಂದ ಮೊದಲಿಗರು. ಅವರು ದಶಕಗಳ ಕಾಲ ಸರಕಾರಿ ನೌಕರಿ ಮಾಡಿದರು. ಕಚೇರಿಯಿಂದ ಬಂದ ಮೇಲೆ ಗೊತ್ತಾದ ಕೆಲವು ತಾಸು ಮಾತ್ರ ಬರೆಯುತ್ತಿದ್ದರು. ಕಣ್ಣಿನ ಅಲರ್ಜಿಯಿಂದಾಗಿ ಬೇಸಿಗೆಯ ತಿಂಗಳುಗಳಲ್ಲಿ ಬರೆಯುವುದನ್ನೇ ನಿಲ್ಲಿಸುತ್ತಿದ್ದರು. ವರ್ಷದಲ್ಲಿ ಅಷ್ಟು ದೊಡ್ಡ ಬಿಡುವಿದ್ದರೂ ಮೂವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಬಿಡುವು ಅವರ ಬರವಣಿಗೆಯನ್ನು ಕುಂದಿಸಲಿಲ್ಲ.

ಇನ್ನು ವಿಶ್ರಾಂತಿ ಎಂದರೇನು? ನಮ್ಮ ರೈತರನ್ನು ಕೇಳಿ. ಎರೆಹೊಲದಲ್ಲಿ ಮುಂಗಾರಿಗೆ ಬೆಳೆ ಇಡದೆ, ಆಗಾಗ ಕುಂಟಿ ಹೊಡೆದು, ಮಳೆಯ ತೇವ ಹಿಡಿದಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ನೋಡುವವರಿಗೆ ಹೊಲ ಖಾಲಿ ಬಿದ್ದಿದೆ ಎನಿಸುತ್ತದೆ. ಆದರೆ ಅದು ನೀರು ಕುಡಿಯುತ್ತಿರುತ್ತದೆ. ಕುಂಟಿ ಹೊಡೆಯುವುದನ್ನು ಪೂರ್ತಿ ಬಿಟ್ಟರೆ ಕಸ ಬೆಳೆದು ಆ ತೇವವನ್ನು ತಿಂದುಹಾಕುತ್ತದೆ. ನಿಮ್ಮ ರಜೆಯೂ ಹಾಗೆಯೇ ಇರಲಿ. ಅಷ್ಟಷ್ಟು ಬರವಣಿಗೆ, ಉಳಿದದ್ದು ತೇವ ಹಿಡಿಯುವ ಕಾಲ.

ನಿದ್ದೆಯನ್ನು ಸೋಮಾರಿತನವೆಂದು ತಿಳಿಯಬೇಡಿ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿಯೇ. ಹಾಸಿಗೆಯಲ್ಲಿ ಬಿದ್ದು ಮಧ್ಯರಾತ್ರಿಯವರೆಗೆ ಮೊಬೈಲ್ ನೋಡುವುದು ಮಾತ್ರ ವಿಶ್ರಾಂತಿಯಲ್ಲ. ಅದು ಕಣ್ಣಿಗೂ ಮನಸ್ಸಿಗೂ ಇನ್ನೊಂದು ದುಡಿಮೆ.

ವಿಶ್ರಾಂತಿಗೆ ಇನ್ನೊಂದು ಮುಖವಿದೆ, ಅದು ಕೇಳಿಸಿಕೊಳ್ಳುವುದು. ನಮ್ಮ ನೆರೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ ಸಾಹೇಬರ ಪದಗಳನ್ನು ಗಮನಿಸಿ. ಸೋರುವ ಮಾಳಿಗೆ, ಬೀಸುವ ಕಲ್ಲು, ನೀರಿನ ಬಿಂದಿಗೆ, ಮೊಹರಂ ರಿವಾಯತ್ತಿನ ಧಾಟಿ, ಎಲ್ಲವೂ ಓಣಿಯಲ್ಲಿ ಕಂಡದ್ದು, ಕೇಳಿದ್ದು. ಶಾಲೆಯ ದಿನಗಳಲ್ಲಿ ನಿಮಗೆ ಅಜ್ಜಿಯ ಹತ್ತಿರ ಕೂರಲು ಪುರಸೊತ್ತಿಲ್ಲ, ರಜೆಯಲ್ಲಿದೆ. ಶೇಂಗಾ ಬಿಡಿಸುವಾಗ, ಹತ್ತಿ ಬಿಡಿಸುವಾಗ ಹೆಣ್ಣುಮಕ್ಕಳು ಆಡುವ ಮಾತನ್ನು ಕೇಳಿ. ನಾವಾಡುವ ಭಾಷೆ ಪುಸ್ತಕದ ಭಾಷೆಯಲ್ಲವೆಂದು ನಾಚಬೇಡಿ. ಸಾವಿರ ವರ್ಷಗಳ ಹಿಂದೆ ಆದಿಕವಿ ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ನಮ್ಮ ಲಕ್ಷ್ಮೇಶ್ವರ.

ಹಾಗಾದರೆ ದಿನಚರಿ ಹೇಗಿರಬೇಕು? ಬೆಳಿಗ್ಗೆ ಎದ್ದು, ನಮಾಜು ಮಾಡುವವರು ಅದನ್ನು ಮುಗಿಸಿ, ಮನೆಯ ಗದ್ದಲ ಏಳುವ ಮೊದಲೇ ಅರ್ಧ ತಾಸು ಬರೆಯಿರಿ. ಒಂದು ಪುಟ ಸಾಕು. ಇನ್ನೂ ಹೇಳುವುದಿದೆ ಎನ್ನುವಾಗಲೇ ನಿಲ್ಲಿಸಿ, ಮರುದಿನ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತದೆ. ಹಗಲೆಲ್ಲ ನೋಟ್‌ಬುಕ್ ತೆರೆಯಬೇಡಿ. ಸಂಜೆ ಕಿವಿಗೆ ಬಿದ್ದ ಒಂದು ಒಳ್ಳೆಯ ಮಾತನ್ನು ಎರಡು ಸಾಲಿನಲ್ಲಿ ಗುರುತು ಹಾಕಿಕೊಳ್ಳಿ. ವಾರಕ್ಕೊಂದು ದಿನ ಏನೂ ಬರೆಯಬೇಡಿ. ಹದಿನೈದು ದಿನದ ರಜೆಯಲ್ಲಿ ಎರಡು ದಿನ ಬಿಟ್ಟರೂ ಹದಿಮೂರು ಪುಟಗಳಾದವು. ಒಂದು ಸಣ್ಣಕಥೆಗೆ ಅಷ್ಟು ಧಾರಾಳ ಸಾಕು.

ಈಗ ಪಾಲಕರಿಗೆ ಒಂದು ಮಾತು. ನಾನು ಹೇಳಿದ್ದೆಲ್ಲ ಗಂಡುಮಕ್ಕಳಿಗೆ ಸುಲಭ. ನಮ್ಮ ಮನೆಗಳಲ್ಲಿ ರಜೆ ಎಂದರೆ ಮಗನಿಗೆ ಆಟ, ಮಗಳಿಗೆ ಕೆಲಸ. "ಹೆಂಗೂ ಸೂಟಿ ಐತಿ, ರೊಟ್ಟಿ ಬಡಿಯೋದು ಕಲಿ" ಎನ್ನುತ್ತೇವೆ. ಕಲಿಯಲಿ, ತಪ್ಪಿಲ್ಲ. ಆದರೆ ಮಗನೂ ಮನೆಗೆಲಸ ಕಲಿಯಲಿ. ಹಬ್ಬ ಬಂತು, ಬೀಗರು ಬಂದರು, ಹೊಲದ ಸುಗ್ಗಿ ಬಂತು ಎಂದರೆ ಆ ಹುಡುಗಿಗೆ ಶಾಲೆಯ ದಿನಗಳಲ್ಲಿ ಸಿಗುತ್ತಿದ್ದ ಪುರಸೊತ್ತೂ ರಜೆಯಲ್ಲಿ ಸಿಗುವುದಿಲ್ಲ. ಹಾಗೆ ನಿಂತುಹೋದ ಕಥೆಗಳನ್ನು ಎಣಿಸಿದವರು ಯಾರೂ ಇಲ್ಲ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಅವರು ಇನ್ನೂ ಇಪ್ಪತ್ತು ವರ್ಷ ಮೊದಲೇ ಬರೆಯತೊಡಗಿದ್ದರೆ ಕನ್ನಡಕ್ಕೆ ಇನ್ನೆಷ್ಟು ಸಿಗುತ್ತಿತ್ತೋ! 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ವಕೀಲಿ ವೃತ್ತಿಯ ನಡುವೆಯೇ ಬರೆದವರು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಆ ಸಂಕಲನದ 12 ಕಥೆಗಳು 1990ರಿಂದ 2023ರವರೆಗಿನ ದೀರ್ಘ ಅವಧಿಯಲ್ಲಿ ಬರೆದವು. ಅವಸರದಿಂದಲ್ಲ, ಬಿಡದೆ ಮುಂದುವರಿಸಿದ್ದರಿಂದ ಅದು ಆಯಿತು.

ಆದ್ದರಿಂದ ತಂದೆ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಈ ರಜೆಯಲ್ಲಿ ನಿಮ್ಮ ಮಗಳಿಗೆ ದಿನಕ್ಕೆ ಒಂದು ತಾಸು ಬಿಟ್ಟುಕೊಡಿ. ಅರ್ಧ ತಾಸು ಬರೆಯಲಿ, ಅರ್ಧ ತಾಸು ಸುಮ್ಮನೆ ಕೂರಲಿ. ಆ ಹೊತ್ತಿನಲ್ಲಿ ಚಹಾ ಬೇಕಾದರೆ ಅಣ್ಣ ಮಾಡಲಿ, ಇಲ್ಲವೇ ಅಪ್ಪನೇ ಮಾಡಲಿ. ಸಾಧ್ಯವಾದರೆ ಆ ತಾಯಿಗೂ ಒಂದು ತಾಸು ಸಿಗಲಿ, ಅವಳ ಹತ್ತಿರವೂ ಹೇಳದೆ ಉಳಿದ ಕಥೆಗಳಿರುತ್ತವೆ.

ಮಕ್ಕಳೆ, ರಜೆ ಮುಗಿದು ಬಂದಾಗ ನಿಮ್ಮ ಕೈಯಲ್ಲಿ ಹದಿಮೂರು ಪುಟಗಳಿರಲಿ, ಮುಖದಲ್ಲಿ ದಣಿವು ಇರದಿರಲಿ. ಬರೆದದ್ದನ್ನು ನಿಮ್ಮ ಗುರುಗಳಿಗೆ ತೋರಿಸಿ. ಅವುಗಳಲ್ಲಿ ಹುಡುಗಿಯರ ಕಥೆಗಳೂ ಹುಡುಗರ ಕಥೆಗಳಷ್ಟೇ ಬರಲಿ ಎಂದು ಹಾರೈಸುತ್ತೇನೆ.