ಹಸುವಿನ ಬೆದೆಯೂ ಗಬ್ಬವೂ
(ರೈತರ ಸಭೆಯಲ್ಲಿ ಓದಿದ ಉಪನ್ಯಾಸ)



ಕೆಲವು ವರ್ಷಗಳ ಕೆಳಗೆ ರಾಗಿಯ ಬಿತ್ತನೆ ಬೀಜದ ವಿಷಯವಾಗಿ ಮಾತನಾಡಲು ಒಂದು ಗ್ರಾಮಕ್ಕೆ ಹೋಗಿದ್ದೆನು. ಊರ ಬಾಗಿಲಲ್ಲಿಯೇ ಯಜಮಾನರೊಬ್ಬರು ಒಂದು ಹಸುವನ್ನು ಹಿಡಿದುಕೊಂಡು ಸಂತೆಗೆ ಹೊರಟಿದ್ದರು. ಎರಡು ಸೂಲು ಕಂಡ ರಾಸು. ಮೈ ತುಂಬಿತ್ತು, ಕೆಚ್ಚಲು ಚೆನ್ನಾಗಿತ್ತು. ಇಂಥದನ್ನು ಏಕೆ ಮಾರುತ್ತೀರಿ ಎಂದು ಕೇಳಲು, "ಗೊಡ್ಡು ಬಿತ್ತು ಸ್ವಾಮಿ, ಮೂರು ಸಲ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ" ಎಂದರು. ಬೆದೆ ಕಂಡದ್ದು ಯಾವ ಹೊತ್ತಿನಲ್ಲಿ, ರಾಸನ್ನು ಪಶುವೈದ್ಯಶಾಲೆಗೆ ಹೊಡೆದುಕೊಂಡು ಹೋದದ್ದು ಯಾವ ಹೊತ್ತಿನಲ್ಲಿ ಎಂದು ವಿಚಾರಿಸಿದೆನು. ಮೂರು ಸಲವೂ ಬೆಳಗಿನ ಜಾವ ಕೂಗಾಟ ಕೇಳಿದ್ದಿತು. ಆದರೆ ವೈದ್ಯಶಾಲೆಯು ಎರಡು ಹರದಾರಿ ದೂರ, ಹೊಲದಲ್ಲಿ ಕೆಲಸ. ಆದಕಾರಣ ಮಾರನೆಯ ದಿನ ಹೊತ್ತು ಇಳಿದ ಮೇಲೆ ಹೋಗಿದ್ದರು. ಹಸುವಿನಲ್ಲಿ ಯಾವ ದೋಷವೂ ಇರಲಿಲ್ಲವೆಂದು ನನಗೆ ಆಗಲೇ ತೋರಿತು. ನಾನು ಹೇಳಿದ್ದನ್ನು ಅವರು ಕೇಳಿದರು, ನಕ್ಕರು, ಸಂತೆಗೆ ಹೋದರು. ಕೊಂಡವನ ಮನೆಯಲ್ಲಿ ಆ ಹಸು ಮರುವರ್ಷ ಕರು ಹಾಕಿತು.

ಗೊಡ್ಡೆಂದು ಮಾರಲ್ಪಡುವ ರಾಸುಗಳಲ್ಲಿ ನಿಜವಾಗಿ ಗೊಡ್ಡಾದುವು ಎಷ್ಟು, ಹೊತ್ತು ತಪ್ಪಿದುವು ಎಷ್ಟು ಎಂಬುದನ್ನು ತಾವೇ ಆಲೋಚಿಸಬೇಕು. ಹೊತ್ತಿನ ಈ ಲೆಕ್ಕವು ಪಾಶ್ಚಾತ್ಯ ದೇಶಗಳ ಪ್ರಯೋಗಶಾಲೆಗಳಲ್ಲಿ ಬಹುಕಾಲದ ಶೋಧನೆಯಿಂದ ಹೊರಪಟ್ಟದ್ದು. ಅದು ಹೇಗೆ ತಿಳಿದುಬಂದಿತೆಂಬುದನ್ನು ಮೊದಲು ಹೇಳಿದರೆ, ಏಕೆ ನಂಬಬೇಕೆಂಬುದು ತಾನಾಗಿಯೇ ಗೊತ್ತಾಗುವುದು.

ಗಂಡಿನ ವೀರ್ಯದಲ್ಲಿ ಬಾಲವುಳ್ಳ ಅತಿ ಸೂಕ್ಷ್ಮವಾದ ಅಣುಗಳು ಚಲಿಸುತ್ತಿರುವುವೆಂಬುದನ್ನು ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದ ಲೀವನ್‌ಹುಕ್ ಎಂಬ ಬಟ್ಟೆಯ ವರ್ತಕನು 1677ರಲ್ಲಿ ತಾನೇ ತಯಾರಿಸಿದ ಸೂಕ್ಷ್ಮದರ್ಶಕದಿಂದ ಕಂಡು ಲಂಡನ್ನಿನ ವಿದ್ವತ್ಸಭೆಗೆ ಬರೆದನು. ಆದರೆ ಅವುಗಳ ಕೆಲಸವೇನೆಂಬುದು ಬಹಳ ಕಾಲ ತಿಳಿಯಲಿಲ್ಲ. ಇಟಲಿಯ ಸ್ಪಲ್ಲಾಂಜಾನಿ ಎಂಬ ಪಾದ್ರಿಯು ಗಂಡು ಕಪ್ಪೆಗಳಿಗೆ ರೇಷ್ಮೆ ಬಟ್ಟೆಯ ಚಲ್ಲಣವನ್ನು ತೊಡಿಸಿ ಹೆಣ್ಣಿನೊಡನೆ ಬಿಟ್ಟನು. ತಾವು ನಗಬಹುದು; ಅವನ ಕಾಲದವರೂ ನಕ್ಕಿರಬೇಕು. ಚಲ್ಲಣ ತೊಟ್ಟ ಕಪ್ಪೆಗಳ ಜೊತೆಯ ಮೊಟ್ಟೆಗಳು ಒಂದೂ ಮರಿಯಾಗಲಿಲ್ಲ. ಆ ಬಟ್ಟೆಗೆ ಅಂಟಿದ್ದ ದ್ರವವನ್ನು ತಗುಲಿಸಿದ ಮೊಟ್ಟೆಗಳು ಮರಿಯಾದುವು. 1780ರಲ್ಲಿ ಆತನೇ ಬೆದೆಗೆ ಬಂದ ಒಂದು ಹೆಣ್ಣು ನಾಯಿಯನ್ನು ಕೂಡಿಹಾಕಿ, ಗಂಡು ನಾಯಿಯ ವೀರ್ಯವನ್ನು ಮೈಶಾಖದಷ್ಟೇ ಬೆಚ್ಚಗಿರಿಸಿದ ಪಿಚಕಾರಿಯಿಂದ ಗರ್ಭಕೋಶಕ್ಕೆ ಸೇರಿಸಿದನು. 62 ದಿವಸಗಳ ತರುವಾಯ ಮೂರು ಮರಿಗಳು ಹುಟ್ಟಿದುವು. ವಿಚಿತ್ರವೇನೆಂದರೆ, ಇಷ್ಟನ್ನು ಮಾಡಿದವನೇ ಆ ಬಾಲದ ಅಣುಗಳಿಂದ ಗರ್ಭವಾಗುವುದಿಲ್ಲವೆಂದು ಕೊನೆಯವರೆಗೂ ನಂಬಿದ್ದನು. ಕೈ ಸರಿಯಾಗಿದ್ದೂ ಅಭಿಪ್ರಾಯ ತಪ್ಪುವುದು ವಿದ್ವಾಂಸರಲ್ಲಿಯೂ ಉಂಟು.

ಹೆಣ್ಣಿನ ಕಡೆಯ ಸಂಗತಿಯು ಇನ್ನೂ ತಡವಾಗಿ ತಿಳಿಯಿತು. ಕೋಳಿಯಂತೆ ಹಸು, ಕುರಿ, ನಾಯಿಗಳಿಗೂ ಅಂಡವುಂಟೆಂಬುದನ್ನು 1827ರಲ್ಲಿ ಫಾನ್ ಬೇರ್ ಎಂಬ ಪಂಡಿತನು ಒಂದು ನಾಯಿಯ ಅಂಡಾಶಯದಲ್ಲಿ ಕಣ್ಣಾರೆ ಕಂಡನು. ಹಸುವಿನ ಅಂಡವು ಗಸಗಸೆಯ ಕಾಳಿಗಿಂತ ಎಷ್ಟೋ ಚಿಕ್ಕದು. ಸಾಮಾನ್ಯವಾಗಿ ಒಂದು ಬೆದೆಗೆ ಒಂದೇ ಒಂದು ಅಂಡವು ಪಕ್ವವಾಗಿ ಅಂಡಾಶಯದಿಂದ ಬಿಡುಗಡೆಯಾಗುವುದು. ಆ ಒಂದಕ್ಕೆ ವೀರ್ಯಾಣುವು ಸಿಕ್ಕಿದರೆ ಕರು. ಸಿಕ್ಕದಿದ್ದರೆ ಸುಮಾರು 21 ದಿನ ಪುನಃ ಕಾದಿರಬೇಕು.

ಈಗ ಹೊತ್ತಿನ ವಿಷಯಕ್ಕೆ ಬರೋಣ. ಕುದುರೆ, ಕುರಿ ಮುಂತಾದ ಪ್ರಾಣಿಗಳಲ್ಲಿ ಬೆದೆಯು ಇರುವಾಗಲೇ ಅಂಡವು ಬಿಡುಗಡೆಯಾಗುತ್ತದೆ. ಹಸುವಿನಲ್ಲಾದರೋ ಹಾಗಲ್ಲ, ಬೆದೆಯು ಇಳಿದುಹೋದ ಮೇಲೆ 10ರಿಂದ 14 ಗಂಟೆಗಳ ನಂತರ ಅಂಡವು ಹೊರಬೀಳುವುದು. ಸೀಮೆಹಸುಗಳ ಬೆದೆಯು ಸಾಮಾನ್ಯವಾಗಿ 18 ಗಂಟೆಗಳವರೆಗೆ ಇರುವುದುಂಟು. ನಮ್ಮ ನಾಡ ಹಸುಗಳಲ್ಲಿ ಅದಕ್ಕಿಂತಲೂ ಕಡಮೆ. ಹೊರಬಿದ್ದ ಅಂಡವು ಗಬ್ಬ ಕಟ್ಟುವ ಶಕ್ತಿಯನ್ನು ಉಳಿಸಿಕೊಂಡಿರುವುದು ಹೆಚ್ಚೆಂದರೆ ಅರ್ಧ ದಿನ. ವೀರ್ಯಾಣುಗಳಾದರೋ ಹಸುವಿನ ಒಡಲಲ್ಲಿ ಒಂದು ಹಗಲು ಒಂದು ರಾತ್ರಿ ಬದುಕಿರಬಲ್ಲುವು. ಹೀಗಿರುವಲ್ಲಿ ವೀರ್ಯವು ಮೊದಲೇ ಹೋಗಿ ಅಂಡಕ್ಕಾಗಿ ಕಾದಿರುವುದು ಲೇಸೇ ಹೊರತು, ಅಂಡವು ವೀರ್ಯಕ್ಕಾಗಿ ಕಾಯುವುದು ಸಾಧ್ಯವಿಲ್ಲ.

ಇದಕ್ಕೆ ಇನ್ನೊಂದು ಕಾರಣವು 1951ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ಮೊಲಗಳ ಮೇಲೆ ಪರೀಕ್ಷೆ ನಡಸುತ್ತಿದ್ದ ಚಾಂಗ್ ಎಂಬ ಚೀನೀಯ ಪಂಡಿತರೂ, ಆಸ್ಟ್ರೇಲಿಯದಲ್ಲಿ ಇಲಿಗಳ ಮೇಲೆ ಪರೀಕ್ಷೆ ನಡಸುತ್ತಿದ್ದ ಆಸ್ಟಿನ್ ಎಂಬುವರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಸಂಗತಿಯನ್ನು ಕಂಡರು. ಆಗತಾನೆ ಬಂದ ವೀರ್ಯಾಣುವು ಅಂಡವನ್ನು ಹೊಗಲಾರದು. ಹೆಣ್ಣಿನ ಒಡಲಿನಲ್ಲಿ ಕೆಲವು ಗಂಟೆಗಳ ಕಾಲ ಇದ್ದು ಹದಗೊಂಡ ಮೇಲೆಯೇ ಅದಕ್ಕೆ ಆ ಶಕ್ತಿಯು ಬರುವುದು. ಬೀಜವನ್ನು ನೆನೆಹಾಕಿದ ಹೊತ್ತಿಗೇ ಮೊಳಕೆ ಬಾರದಂತೆ ಇದೂ ಒಂದು ಎಂದು ತಿಳಿಯಬಹುದು. ಮೊದಲು ಹೇಳಿದ ಯಜಮಾನರ ರಾಸಿಗೆ ಮಾರನೆಯ ಸಾಯಂಕಾಲ ವೀರ್ಯ ಸೇರುವಷ್ಟರಲ್ಲಿ ಅಂಡವು ಹೊರಬಿದ್ದಾಗಿತ್ತು. ವೀರ್ಯಾಣು ಹದಗೊಳ್ಳುವಷ್ಟರಲ್ಲಿ ಅಂಡವು ಕೆಟ್ಟಿತ್ತು.

ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ಪ್ರಯೋಗಕ್ಷೇತ್ರದಲ್ಲಿ ಟ್ರಿಂಬರ್ಗರ್, ಡೇವಿಸ್ ಎಂಬುವರು ಬೆದೆಯ ಬೇರೆಬೇರೆ ಹೊತ್ತುಗಳಲ್ಲಿ ವೀರ್ಯವನ್ನು ಸೇರಿಸಿ ನೋಡಿ 1943ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರ ಕೆಲಸದಿಂದ ಬಂದ ನಿಯಮವು ಬಲು ಸುಲಭ. ಬೆಳಗ್ಗೆ ಬೆದೆ ಕಂಡರೆ ಅದೇ ದಿನ ಸಾಯಂಕಾಲ. ಸಾಯಂಕಾಲ ಕಂಡರೆ ಮಾರನೆಯ ದಿನ ಬೆಳಗ್ಗೆ. ಓದುಬರಹ ಬಾರದವನಿಗೂ ಇದು ನೆನಪಿರುವುದು.

ಆದರೆ ಬೆದೆಯನ್ನು ಕಾಣುವುದು ಹೇಗೆ? ಇಲ್ಲಿಯೇ ನಮ್ಮವರು ಬಹಳವಾಗಿ ಮೋಸಹೋಗುವರು. ಕೂಗುವುದು, ಮೇವು ಬಿಡುವುದು, ಹಾಲು ಇಳಿಯುವುದು, ಪದೇಪದೇ ಉಚ್ಚೆ ಹೊಯ್ಯುವುದು, ಗಾಜಿನಂತೆ ತಿಳಿಯಾದ ಲೋಳೆಯು ನೂಲಿನಂತೆ ಇಳಿಯುವುದು, ಇವೆಲ್ಲವೂ ಗುರುತುಗಳೇ ಸರಿ. ಆದರೆ ಇವೆಲ್ಲಕ್ಕೂ ಮೇಲಾದ ಗುರುತು ಒಂದು: ಬೇರೆ ರಾಸು ತನ್ನ ಮೇಲೆ ಹಾರಿದಾಗ ಕದಲದೆ ನಿಂತುಕೊಳ್ಳುವುದು. ಹಾರುವ ಹಸುವನ್ನು ನೋಡಿ ಅದಕ್ಕೇ ಬೆದೆಯೆಂದು ಹೊಡೆದುಕೊಂಡು ಹೋಗುವವರಿದ್ದಾರೆ. ಹಾರಿದ್ದಕ್ಕೂ ಬೆದೆ ಇರಬಹುದು, ಇಲ್ಲದೆಯೂ ಇರಬಹುದು. ನಿಂತದ್ದಕ್ಕೆ ಮಾತ್ರ ನಿಶ್ಚಯ. ಹಾಲಿನಲ್ಲಿರುವ ಒಂದು ರಸವಿಶೇಷವನ್ನು ಅಳೆಯುವ ಪರೀಕ್ಷೆಯು 1970ರ ನಂತರ ಬಳಕೆಗೆ ಬಂದಾಗ, ಬೆದೆಯೆಂದು ತಂದ ಹಸುಗಳಲ್ಲಿ ಬೆದೆಯೇ ಇಲ್ಲದವು ಅನೇಕವೆಂದು ವಿದೇಶಗಳಲ್ಲಿಯೂ ಕಂಡುಬಂದಿತು. ಬಹಳ ಹಸುಗಳಲ್ಲಿ ಈ ಗುರುತುಗಳು ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ ಹೆಚ್ಚಾಗಿ ತೋರುವುವು. ಹಗಲೂ ಇರುಳೂ ಗೂಟಕ್ಕೆ ಕಟ್ಟಿದ ಒಂಟಿ ರಾಸು ಯಾರ ಮುಂದೆ ನಿಂತೀತು? ಕರೆಯುವುದಕ್ಕೆ ಮುಂಚೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ, ನಾಲ್ಕು ರಾಸುಗಳೊಡನೆ ಅಂಗಳದಲ್ಲಿ ಬಿಟ್ಟು ಸ್ವಲ್ಪ ಹೊತ್ತು ನೋಡತಕ್ಕದ್ದು. ಈ ಕೆಲಸವನ್ನು ಹೆಂಗಸರಿಗೆ ಒಪ್ಪಿಸಿದ ಮನೆಗಳಲ್ಲಿ ಬೆದೆ ತಪ್ಪುವುದು ಕಡಮೆಯೆಂದು ನನ್ನ ಅನುಭವ. ಹಾಲು ಕರೆಯುವವರ ಕಣ್ಣಿಗೆ ಬೀಳುವುದು ಯಜಮಾನರ ಕಣ್ಣಿಗೆ ಬೀಳುವುದಿಲ್ಲ.

ಬೆದೆ ಇಳಿದ ಒಂದೆರಡು ದಿನಗಳಲ್ಲಿ ಕೆಲವು ಹಸು ಕಡಸುಗಳಿಗೆ ಸ್ವಲ್ಪ ರಕ್ತವು ಕಾಣುವುದುಂಟು. ಇದನ್ನು ಕಂಡು ಗಬ್ಬ ನಿಲ್ಲಲಿಲ್ಲವೆಂದು ಕೊರಗುವುದು ತಪ್ಪು. ಗಬ್ಬ ಕಟ್ಟಿದ್ದರೂ ಕಾಣಬಹುದು, ಕಟ್ಟದಿದ್ದರೂ ಕಾಣಬಹುದು. ಬೆದೆಯು ಆಗಿಹೋಯಿತೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಬೆದೆ ಕಾಣದೆ ರಕ್ತ ಮಾತ್ರ ಕಂಡರೆ ಆ ದಿನವನ್ನು ಗುರುತು ಹಾಕಿಕೊಂಡು, 17ನೆಯ ದಿನದಿಂದ ಕಾವಲಿರಬೇಕು.

ಇನ್ನು ಹೋರಿಯಿಲ್ಲದೆ ಗಬ್ಬ ಮಾಡಿಸುವ ವಿಷಯ. ಇದನ್ನು ರಷ್ಯ ದೇಶದ ಇವಾನೋವ್ ಎಂಬ ಪಂಡಿತನು 1899ರಿಂದ ಮೊದಲುಮಾಡಿ ದನ ಕುದುರೆಗಳಲ್ಲಿ ಬಳಕೆಗೆ ತಂದನು. 1936ರಲ್ಲಿ ಡೆನ್ಮಾರ್ಕಿನ ರೈತರು ಇದಕ್ಕಾಗಿಯೇ ಸಹಕಾರ ಸಂಘವನ್ನು ಕಟ್ಟಿದರು. ನಮ್ಮ ದೇಶದಲ್ಲಿ ಮೊದಲು ನಡೆದದ್ದು ಮೈಸೂರಿನಲ್ಲಿಯೇ ಎಂಬುದು ನಮಗೆ ಅಭಿಮಾನದ ಮಾತು. ಅರಮನೆಯ ಹಾಲಿನ ಕ್ಷೇತ್ರದಲ್ಲಿ 1939ರಲ್ಲಿ ಡಾಕ್ಟರ್ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೈನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಸೇರಿಸಿ 33 ಹಸುಗಳನ್ನು ಗಬ್ಬವಾಗುವಂತೆ ಮಾಡಿದರು. ಆಗಿನ ತೊಂದರೆಯೆಂದರೆ ವೀರ್ಯವನ್ನು ಬಹಳ ಹೊತ್ತು ಇಡಲಾಗುತ್ತಿರಲಿಲ್ಲ. ತಣ್ಣಗೆ ಮಾಡಿದರೆ ಅಣುಗಳು ಸಾಯುತ್ತಿದ್ದುವು. ಅಮೆರಿಕದ ಫಿಲಿಪ್ಸ್, ಲಾರ್ಡಿ ಎಂಬುವರು 1940ರ ಸುಮಾರಿಗೆ ಕೋಳಿಮೊಟ್ಟೆಯ ಹಳದಿಯನ್ನು ಬೆರಸಿದರೆ ಅವು ತಂಪಿನಲ್ಲಿಯೂ ಕೆಲವು ದಿನ ಬದುಕುವುವೆಂದು ತೋರಿಸಿದರು. 1949ರಲ್ಲಿ ಲಂಡನ್ನಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬುವರು ಸಕ್ಕರೆಯ ದ್ರಾವಣದಲ್ಲಿ ಪರೀಕ್ಷೆ ನಡಸುತ್ತಿದ್ದೇವೆಂದು ತಿಳಿದಿದ್ದರು. ಹೆಸರು ತಪ್ಪಿದ ಸೀಸೆಯೊಳಗೆ ಇದ್ದದ್ದು ಗ್ಲಿಸರಿನ್. ಆ ತಪ್ಪಿನಿಂದಲೇ, ಗಡ್ಡೆ ಕಟ್ಟಿಸಿದರೂ ಅಣುಗಳು ಸಾಯದಿರುವ ಉಪಾಯವು ಸಿಕ್ಕಿತು. ಈಗ ವೀರ್ಯವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವಸಾರಜನಕದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಹೋರಿಯ ಒಂದು ಸಲದ ವೀರ್ಯದಿಂದ ನೂರಾರು ಕಡ್ಡಿಗಳಾಗುವುವು.

"ಇಂಜೆಕ್ಷನ್ನಿನ ಕರು ಬಲವಿಲ್ಲದ್ದು" ಎಂಬ ಮಾತು ಹಳ್ಳಿಗಳಲ್ಲಿ ಉಂಟು. ಕರುವಿನ ಬಲವು ತಂದೆತಾಯಿಗಳಿಂದಲೂ ಕುಡಿದ ಹಾಲಿನಿಂದಲೂ ಬರತಕ್ಕದ್ದು. ವೀರ್ಯವು ಯಾವ ದಾರಿಯಿಂದ ಬಂದಿತೆಂಬುದರಿಂದಲ್ಲ. ಆದರೆ ಯಾವ ಹೋರಿಯ ಕಡ್ಡಿ ಎಂಬುದನ್ನು ಕೇಳದೆ ಹಾಕಿಸಬೇಡಿರಿ. ಉಳುಮೆಯ ಎತ್ತು ಬೇಕಾದವರು ಒಳ್ಳೆಯ ಹಳ್ಳಿಕಾರ್ ಹಸುವಿಗೆ ಸೀಮೆಹೋರಿಯನ್ನು ಮಾಡಿಸಿ, ಮೂರು ವರ್ಷದ ಮೇಲೆ ಬಿಸಿಲಲ್ಲಿ ಏದುವ ಎತ್ತನ್ನು ನೋಡಿ ಇಲಾಖೆಯನ್ನು ಬೈಯುವುದು ನ್ಯಾಯವಲ್ಲ. ವೈದ್ಯಶಾಲೆಗೆ ಹೋಗುವಾಗ ರಾಸನ್ನು ತಂಪು ಹೊತ್ತಿನಲ್ಲಿ ನಿಧಾನವಾಗಿ ನಡೆಸಿ, ನೆರಳಿನಲ್ಲಿ ಸುಧಾರಿಸಿಕೊಳ್ಳಲು ಬಿಡತಕ್ಕದ್ದು. ಮೈ ಕಾದ ಹಸುವಿನಲ್ಲಿ ಗಬ್ಬ ನಿಲ್ಲುವುದು ಕಷ್ಟ.

ಊರ ಹೋರಿಯಿಂದ ಮಾಡಿಸುವುದಾದರೆ ಒಂದು ಎಚ್ಚರಿಕೆ. ಐದಾರು ತಿಂಗಳ ಮೇಲೆ ಕಂದು ಹಾಕುವ ಅಂಟುರೋಗದ ಕ್ರಿಮಿಯನ್ನು ಡೆನ್ಮಾರ್ಕಿನ ಬ್ಯಾಂಗ್ ಎಂಬ ವೈದ್ಯನು 1897ರಲ್ಲಿ ಕಂಡುಹಿಡಿದನು. ಅದು ಮನುಷ್ಯರಿಗೂ ತಗಲುವುದು. ಕಂದು ಬಿದ್ದರೆ ಅದನ್ನಾಗಲಿ ಮಾಸನ್ನಾಗಲಿ ಬರಿಗೈಯಿಂದ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಹಾಲನ್ನು ಕಾಯಿಸದೆ ಕುಡಿಯಲಾಗದು. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುಗಳಿಗೆ ಒಂದೇ ಸಲ ಹಾಕುವ ಲಸಿಕೆ ಇದೆ.

ಮೇವಿನ ವಿಷಯವನ್ನು ಹಿಂದಿನ ಪತ್ರಿಕೆಗಳಲ್ಲಿ ಹೇಳಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಕರು ಹಾಕಿದ ಮೇಲೆ ಎಲುಬು ಕಾಣುವಂತೆ ಬಡಕಲಾದ ಹಸು ಬೆದೆಗೇ ಬಾರದೆಂಬುದಷ್ಟು ನೆನಪಿರಲಿ. ಅದಕ್ಕೆ ಬೇಕಾದದ್ದು ಔಷಧವಲ್ಲ, ಹಿಂಡಿ ಹಸಿಮೇವು.

ಎಮ್ಮೆಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಅವು ಕೂಗದೆ, ಹಾರದೆ ಬೆದೆಯನ್ನು ಕಳೆಯುವುದರಿಂದ ಅದನ್ನು ಮೂಕಬೆದೆ ಎನ್ನುವರು. ಬೇಸಗೆಯಲ್ಲಿಯಂತೂ ಗುರುತು ಸಿಕ್ಕುವುದೇ ಅಪರೂಪ. ಮಳೆಗಾಲ ಕಳೆದು ಚಳಿ ಬೀಳುವ ತಿಂಗಳುಗಳಲ್ಲಿ ಬೆದೆಯು ಸ್ಪಷ್ಟವಾಗುವುದಾದ್ದರಿಂದ ಆಗ ಎರಡು ಹೊತ್ತೂ ತಪ್ಪದೆ ನೋಡಬೇಕು. ಬೇಸಗೆಯಲ್ಲಿ ಮಧ್ಯಾಹ್ನ ಕೆರೆಗೆ ಬಿಟ್ಟು ಮೈ ತಂಪಾಗಿಸಿದರೆ ಪ್ರಯೋಜನವುಂಟು.

ಪ್ರತಿ ಮನೆಯಲ್ಲಿಯೂ ಕೊಟ್ಟಿಗೆಯ ಗೋಡೆಗೆ ಒಂದು ಪಂಚಾಂಗವನ್ನು ತೂಗುಹಾಕಿ, ಬೆದೆ ಕಂಡ ದಿನ ಮತ್ತು ಹೊತ್ತು, ಮಾಡಿಸಿದ ದಿನ ಮತ್ತು ಹೊತ್ತು, ಇವುಗಳನ್ನು ಇದ್ದಲಿನಿಂದಲಾದರೂ ಗೀಚಿಡಿರಿ. 18ನೆಯ ದಿನದಿಂದ 24ನೆಯ ದಿನದವರೆಗೆ ಪುನಃ ಬೆದೆಯನ್ನು ನೋಡತಕ್ಕದ್ದು. ಕಾಣದಿದ್ದ ಮಾತ್ರಕ್ಕೆ ಗಬ್ಬವಾಯಿತೆಂದು ಸುಮ್ಮನಿರದೆ, ಮೂರು ತಿಂಗಳು ತುಂಬುವ ಹೊತ್ತಿಗೆ ಪಶುವೈದ್ಯರಿಂದ ಕೈ ಹಾಕಿಸಿ ಪರೀಕ್ಷೆ ಮಾಡಿಸಬೇಕು. ಮೂರು ಸಲ ಹೊತ್ತು ತಪ್ಪದೆ ಮಾಡಿಸಿಯೂ ನಿಲ್ಲದ ರಾಸನ್ನು ಸಂತೆಗೆ ಹೊಡೆಯುವ ಮೊದಲು ಅದೇ ವೈದ್ಯರಿಗೆ, ಗೀಚಿಟ್ಟ ಆ ಪಂಚಾಂಗದ ಸಮೇತ, ತೋರಿಸುವುದು.